ಪೈಸೆಯ ನೂರನೇ ಪಾಲು

ಡಾಲರಿನ ದರವನ್ನು ದಶಮಾಂಶ ಬಿಂದುವಿನ ಆಚೆ ನಾಲ್ಕು ಅಂಕಿಗಳವರೆಗೆ ಬರೆಯುತ್ತಾರೆ. ಕೊನೆಯ ಅಂಕಿ ಪೈಸೆಯ ನೂರನೇ ಒಂದು ಪಾಲು. ಅಂಥ ನಾಣ್ಯವನ್ನು ಯಾವ ಟಂಕಸಾಲೆಯೂ ಅಚ್ಚು ಹಾಕಿಲ್ಲ. ಅಂಗಡಿಯಲ್ಲಂತೂ ಇಡೀ ಪೈಸೆಯನ್ನೇ ಯಾರೂ ಕೇಳುವುದಿಲ್ಲ. ಆ ನೂರನೇ ಪಾಲಿನ ತೂಕ ತಿಳಿಯಬೇಕಾದರೆ ಹೈದರಾಬಾದಿನ ಮಾದಾಪುರದ ಲೆಕ್ಕ ಹಿಡಿಯಬೇಕು. 1998ರಲ್ಲಿ ಇಲ್ಲಿ ಸೈಬರ್ ಟವರ್ಸ್ ಎಂಬ ಐಟಿ ಕಟ್ಟಡ ಎದ್ದು ನಿಂತಿತು. 2023-24ರಲ್ಲಿ ತೆಲಂಗಾಣದ ಐಟಿ ರಫ್ತು ಸುಮಾರು 2.68 ಲಕ್ಷ ಕೋಟಿ ರೂಪಾಯಿ. ಅದರ ಬಹುಪಾಲು ಮಾದಾಪುರ, ಗಚ್ಚಿಬೌಲಿ ಸುತ್ತಲಿನ ಕಚೇರಿಗಳದು. ಆ ವರ್ಷದ ದರದಲ್ಲಿ ಅದು ಹೆಚ್ಚುಕಡಿಮೆ 3,200 ಕೋಟಿ ಡಾಲರ್. ಎಲ್ಲವೂ ಡಾಲರಿನಲ್ಲೇ ಬಂತು ಎಂದಿಟ್ಟುಕೊಳ್ಳಿ: ದರ ಒಂದು ರೂಪಾಯಿ ಸರಿದರೆ 3,200 ಕೋಟಿ ರೂಪಾಯಿಯ ವ್ಯತ್ಯಾಸ. ಒಂದೇ ಪೈಸೆ ಸರಿದರೆ 32 ಕೋಟಿ. ಆ ಕೊನೆಯ ಅಂಕಿ ಒಂದು ಹೆಜ್ಜೆ ಆಚೀಚೆಯಾದರೆ 32 ಲಕ್ಷ!

ಈ ಅಂಕಿ ಹುಟ್ಟುವ ಬಗೆಯೂ ಅಚ್ಚರಿಯದೇ. ಬ್ಯಾಂಕುಗಳು ಕೆಲಸ ಮಾಡುವ ದಿನಗಳಲ್ಲಿ ಬೆಳಗ್ಗೆ 11.30ರಿಂದ 12.30ರೊಳಗಿನ ಯಾವುದೋ ಹದಿನೈದು ನಿಮಿಷವನ್ನು ಲಾಟರಿಯಂತೆ ಆರಿಸುತ್ತಾರೆ. ಆ ಹೊತ್ತಿನಲ್ಲಿ ಬ್ಯಾಂಕುಗಳ ನಡುವೆ ನಿಜವಾಗಿ ನಡೆದ ಡಾಲರ್ ವ್ಯವಹಾರಗಳಿಂದ ಲೆಕ್ಕ ಹಾಕಿ, ಮಧ್ಯಾಹ್ನ ಒಂದೂವರೆ ಸುಮಾರಿಗೆ ಆ ದಿನದ ಉಲ್ಲೇಖ ದರ ಪ್ರಕಟವಾಗುತ್ತದೆ. 2018ರ ಜುಲೈವರೆಗೆ ರಿಸರ್ವ್ ಬ್ಯಾಂಕೇ ಮಾಡುತ್ತಿದ್ದ ಕೆಲಸವನ್ನು ಈಗ ಎಫ್‌ಬಿಐಎಲ್ (ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ) ಎಂಬ ಸಂಸ್ಥೆ ಮಾಡುತ್ತದೆ. ಯಾವ ಹದಿನೈದು ನಿಮಿಷ ಎಂಬುದು ಮೊದಲೇ ಗೊತ್ತಾಗದಿರುವುದರಲ್ಲೇ ಅದರ ಪ್ರಾಮಾಣಿಕತೆ ಇದೆ.

ಹೈದರಾಬಾದಿಗೆ ವಿನಿಮಯ ದರ ಹೊಸದಲ್ಲ. ನಿಜಾಮರ ರಾಜ್ಯಕ್ಕೆ ತನ್ನದೇ ರೂಪಾಯಿ ಇತ್ತು, ಹಾಲಿ ಸಿಕ್ಕಾ. ಬ್ರಿಟಿಷ್ ಇಂಡಿಯಾದ ರೂಪಾಯಿ ಕಲ್ದಾರ್. ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರಿನ ನಮ್ಮ ಹಿರಿಯರು ಈ ಎರಡನ್ನೂ ಕೈಯಲ್ಲಿ ಹಿಡಿದವರು. 100 ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಅಂದರೆ ಆರು ಕಲ್ದಾರಿಗೆ ಏಳು ಹಾಲಿ. ಬ್ರಿಟಿಷರ ಆಳ್ವಿಕೆಯಲ್ಲಿದ್ದ ಸೊಲ್ಲಾಪುರದ ಪೇಟೆಯಲ್ಲಿ ಸರಕು ಕೊಂಡು ಕಲಬುರಗಿಗೆ ತರುವ ವರ್ತಕನಿಗೆ ಒಂದೇ ದೇಶದೊಳಗೆ ವಿದೇಶಿ ವಿನಿಮಯ! ಆಗಿನ ಅತಿ ಸಣ್ಣ ಲೆಕ್ಕ ಪೈ, ರೂಪಾಯಿಯ 192ನೇ ಒಂದು ಪಾಲು. ಇಂದು ಅದೇ ಹೈದರಾಬಾದ್ ರೂಪಾಯಿಯ ಹತ್ತು ಸಾವಿರದಲ್ಲಿ ಒಂದು ಪಾಲನ್ನು ಎಣಿಸುತ್ತದೆ. ಹಾಲಿ ಸಿಕ್ಕಾ ಪೂರ್ತಿ ರದ್ದಾದದ್ದು 1959ರಲ್ಲಿ. ಅಂದರೆ ಸಂವಿಧಾನ ಬಂದ ಮೇಲೂ ಒಂಬತ್ತು ವರ್ಷ ಅದರ ಬಾಳು ಮುಗಿದಿರಲಿಲ್ಲ.

ಇನ್ನು ಲೋಕದ ಲೆಕ್ಕ. 2025ರ ಏಪ್ರಿಲ್‌ನಲ್ಲಿ ಜಗತ್ತಿನ ವಿದೇಶಿ ವಿನಿಮಯ ಮಾರುಕಟ್ಟೆಯ ವಹಿವಾಟು ದಿನಕ್ಕೆ ಸುಮಾರು 9.6 ಲಕ್ಷ ಕೋಟಿ ಡಾಲರ್ ಎಂದು ಅಂತಾರಾಷ್ಟ್ರೀಯ ಪಾವತಿಗಳ ಬ್ಯಾಂಕ್ ಎಣಿಸಿತು. ಸೆಕೆಂಡಿಗೆ 11 ಕೋಟಿ ಡಾಲರ್. 1991ರ ಜುಲೈನಲ್ಲಿ ಆಮದಿಗೆ ಹಣವಿಲ್ಲದೆ ನಮ್ಮ ದೇಶ ಸುಮಾರು 47 ಟನ್ ಚಿನ್ನವನ್ನು ಹೊರಗೆ ಅಡವಿಟ್ಟಿತು. ಸಿಕ್ಕಿದ್ದು 40 ಕೋಟಿ ಡಾಲರ್ ಚಿಲ್ಲರೆ. ಇಂದಿನ ವೇಗದಲ್ಲಿ ಅದು ನಾಲ್ಕು ಸೆಕೆಂಡಿನ ವಹಿವಾಟೂ ಅಲ್ಲ. 2024ರ ಸೆಪ್ಟೆಂಬರ್ ಕೊನೆಗೆ ನಮ್ಮ ವಿದೇಶಿ ವಿನಿಮಯ ಮೀಸಲು 70,000 ಕೋಟಿ ಡಾಲರ್ ದಾಟಿತ್ತು. ನನಗೆ ಹೆಮ್ಮೆ ತರುವ ಅಂಕಿ ಇದು. ಆದರೂ ಆ ಮಾರುಕಟ್ಟೆಗೆ ಅದು ಒಂದೂಮುಕ್ಕಾಲು ಗಂಟೆಯ ಕೆಲಸ.

ಹಾಗಾದರೆ ರೂಪಾಯಿಯ ನಿಜವಾದ ಬೆಲೆ ಎಷ್ಟು? ಒಂಟಿಯಾಗಿ ನಿಂತ ಕರೆನ್ಸಿಗೆ ಬೆಲೆಯೇ ಇಲ್ಲ. ಯಾವುದರ ಎದುರು ಎಂದು ಕೇಳಲೇಬೇಕು. ಡಾಲರಿನೆದುರು ಇಳಿದ ದಿನವೇ ರೂಪಾಯಿ ಯೆನ್ನಿನೆದುರು ಏರಿರಬಹುದು. ಅದಕ್ಕೇ ರಿಸರ್ವ್ ಬ್ಯಾಂಕ್ 40 ಕರೆನ್ಸಿಗಳನ್ನು ಒಟ್ಟಿಗೆ ಇಟ್ಟು, ಯಾವ ದೇಶದೊಡನೆ ನಮಗೆ ಎಷ್ಟು ವ್ಯಾಪಾರವಿದೆಯೋ ಅಷ್ಟು ತೂಕ ಕೊಟ್ಟು, ಎರಡೂ ಕಡೆಯ ಬೆಲೆಯೇರಿಕೆಯನ್ನೂ ಕಳೆದು ಒಂದು ಸೂಚ್ಯಂಕ ಕಟ್ಟುತ್ತದೆ. ಡಾಲರ್ ಎಷ್ಟಾಯಿತು ಎಂದಷ್ಟೇ ಕೂಗುವ ಸುದ್ದಿಗಿಂತ ಇದು ಎಷ್ಟೋ ನ್ಯಾಯವಾದ ಅಳತೆ.

ಆದರೂ ಡಾಲರಿನ ನೆರಳು ದೊಡ್ಡದು. ಆ ಜಾಗತಿಕ ಮಾರುಕಟ್ಟೆಯ ನೂರು ವ್ಯವಹಾರಗಳಲ್ಲಿ 89ರಲ್ಲಿ ಒಂದು ಬದಿಗೆ ಡಾಲರ್ ಇದ್ದೇ ಇರುತ್ತದೆ. ಮಾದಾಪುರದ ಕಂಪನಿಯೊಂದು ಜರ್ಮನಿಯ ಗ್ರಾಹಕನಿಗೆ ಯೂರೋದಲ್ಲಿ ಬಿಲ್ ಬರೆದರೂ, ಯೂರೋದ ಉಲ್ಲೇಖ ದರ ನೇರವಾಗಿ ಹುಟ್ಟುವುದಿಲ್ಲ. ಮೊದಲು ಡಾಲರಿಗೆ ಎಷ್ಟು ರೂಪಾಯಿ ಎಂದು ತೀರ್ಮಾನವಾಗಬೇಕು. ಯೂರೋಗೆ ಎಷ್ಟು ಡಾಲರ್ ಎಂಬುದರಿಂದ ಅದನ್ನು ಗುಣಿಸಿದಾಗಲೇ ಯೂರೋದ ದರ.