ದಿನಕ್ಕೆ ಒಂದು ಕೋಟಿ ಬಾಡಿಗೆಯ ಹಡಗು

ಅದಿರು ಹೊರುವ ದೊಡ್ಡ ಹಡಗಿಗೆ ಕೇಪ್‌ಸೈಜ್ ಎನ್ನುತ್ತಾರೆ. ಅದರ ಹೊಟ್ಟೆಗೆ ಸುಮಾರು 1,70,000 ಟನ್ ಹಿಡಿಯುತ್ತದೆ. ಹದಿನಾರು ಟನ್ನಿನ ಲಾರಿಗಳಲ್ಲಿ ತಂದರೆ ಹತ್ತು ಸಾವಿರಕ್ಕೂ ಹೆಚ್ಚು ಲಾರಿ ಬೇಕು. ಒಂದರ ಹಿಂದೊಂದು ನಿಲ್ಲಿಸಿದರೆ ಆ ಸಾಲು ರಾಯಚೂರಿನಿಂದ ದೇವದುರ್ಗಕ್ಕೆ ಹೋಗಿ, ತಿರುಗಿ ಬರುವಷ್ಟು ಉದ್ದವಾದೀತು.

ಇಂಥ ಹಡಗಿನ ಬಾಡಿಗೆ ನಡೆಯುವುದು ಗಡಿಯಾರದ ಮೇಲೆ. ಸರಕು ತುಂಬುತ್ತಿರಲಿ, ಬಂದರಿನಾಚೆ ಲಂಗರು ಹಾಕಿ ಸರದಿ ಕಾಯುತ್ತಿರಲಿ, ದಿನದ ಲೆಕ್ಕ ಏರುತ್ತಲೇ ಇರುತ್ತದೆ. ಬಳ್ಳಾರಿ-ಹೊಸಪೇಟೆಯ ಅದಿರು ಚೀನಾಕ್ಕೆ ಹರಿಯುತ್ತಿದ್ದ ಕಾಲ. 2008ರ ಜೂನ್ 5ರಂದು ಕೇಪ್‌ಸೈಜ್ ಹಡಗಿನ ಸರಾಸರಿ ದಿನಬಾಡಿಗೆ 2,33,988 ಡಾಲರ್ ಮುಟ್ಟಿತು. ಅಂದಿನ ದರದಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ರೂಪಾಯಿ. ನಿಮಿಷಕ್ಕೆ ಏಳು ಸಾವಿರ! ಅದೇ ಡಿಸೆಂಬರ್ 2ಕ್ಕೆ ಅದು 2,316 ಡಾಲರಿಗೆ ಬಿತ್ತು. ಆರು ತಿಂಗಳೂ ತುಂಬಿರಲಿಲ್ಲ, ಬೆಲೆ ನೂರರಲ್ಲಿ ಒಂದು ಪಾಲಾಗಿತ್ತು.

ಹಳೆಯ ದರಕ್ಕೆ ಸಹಿ ಹಾಕಿದವರ ಗತಿ ಏನು? ಗುಜರಾತಿನ ಬಾಕ್ಸೈಟನ್ನು ಚೀನಾಕ್ಕೆ ಸಾಗಿಸಲು ಆಶಾಪುರ ಮೈನ್‌ಕೆಮ್ ಕಂಪನಿ 2008ರ ಜನವರಿಯಲ್ಲಿ ಐಟ್‌ಜೆನ್ ಬಲ್ಕ್ ಎಂಬ ಡೆನ್ಮಾರ್ಕ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಒಪ್ಪಂದ ಮುರಿದುಬಿತ್ತು. 2009ರ ಮೇ ತಿಂಗಳಲ್ಲಿ ಲಂಡನ್ನಿನ ಪಂಚಾಯ್ತಿ ಆಶಾಪುರಕ್ಕೆ ಹೊರಿಸಿದ ಮೊತ್ತ 3,63,06,104 ಡಾಲರ್, ಮೇಲೆ ಚಕ್ರಬಡ್ಡಿ. ಆ ತೀರ್ಪಿನ ಜಾರಿಗೆ ಇಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿದ್ದು 2016ರಲ್ಲಿ. ಏಳು ವರ್ಷ ಬೇಕಾಯಿತು.

ಬೆಲೆ ಏರುವಾಗಿನ ಕಥೆ ಇನ್ನೂ ಕಠಿಣ. ಆಗ ಕಂತು ಒಂದು ದಿನ ತಡವಾದರೂ ಮಾಲೀಕ ಹಡಗನ್ನು ವಾಪಸ್ ಪಡೆದು ಹೆಚ್ಚಿನ ಬಾಡಿಗೆಗೆ ಬಿಡಬಹುದು. ಲಕೋನಿಯಾ ಹಡಗಿನ ಕಂತು ಕಟ್ಟಬೇಕಿದ್ದ ದಿನ 1970ರ ಏಪ್ರಿಲ್ 12, ಭಾನುವಾರ. ಬ್ಯಾಂಕು ರಜೆ. ಸೋಮವಾರ ಕಟ್ಟಿದರು, ಹಡಗು ಕೈತಪ್ಪಿತು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮಾಲೀಕನದೇ ಸರಿ ಎಂದಿತು. ಚಿಕುಮಾ ಹಡಗಿನದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ಎಂಬತ್ತು ಕಂತು ತಪ್ಪದೆ ಬಂದಿದ್ದವು. 81ನೆಯದು, 68,863.84 ಡಾಲರ್, 1976ರ ಜನವರಿ 22ರಂದೇ ಮಾಲೀಕನ ಖಾತೆಗೆ ಬಿದ್ದಿತ್ತು. ಆದರೆ ಬ್ಯಾಂಕು ಬಡ್ಡಿ ಲೆಕ್ಕಕ್ಕೆ 26ನೇ ತಾರೀಖು ಹಾಕಿತ್ತು. 22ರಂದೇ ಮಾಲೀಕ ಹಣ ತೆಗೆದಿದ್ದರೆ ಬಡ್ಡಿಯಲ್ಲಿ ಆಗುತ್ತಿದ್ದ ನಷ್ಟ ನೂರು ಡಾಲರಿನೊಳಗೆ. ಅಷ್ಟಕ್ಕೇ ಹಡಗು ಹೋಯಿತು! ಕಾಗದದ ಮೇಲೆ ತೀರ್ಪು ಸರಿಯಿರಬಹುದು, ನ್ಯಾಯ ಎನ್ನಲು ಮನಸ್ಸು ಬಾರದು.

ಈ ಜಗಳಗಳು ಲಂಡನ್ನಿನಲ್ಲೇ ನಡೆಯಬೇಕೆಂದಿಲ್ಲ. 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಮ್ಮ ನೌಕಾ ಕಾಯ್ದೆ ಇವನ್ನು ವಿಚಾರಿಸುವ ಅಧಿಕಾರವನ್ನು ಕರ್ನಾಟಕ ಹೈಕೋರ್ಟಿಗೂ ಕೊಟ್ಟಿದೆ. ಬಾಡಿಗೆ ಬಾಕಿ ಉಳಿಸಿಕೊಂಡವನ ಸ್ವಂತ ಹಡಗು ಪಣಂಬೂರಿನ ನವಮಂಗಳೂರು ಬಂದರಿಗೆ ಬಂದರೆ, ಅದನ್ನು ಅಲ್ಲೇ ತಡೆದು ನಿಲ್ಲಿಸಲು ನ್ಯಾಯಾಲಯ ಆದೇಶಿಸಬಹುದು.

ಕೋಟಿಗಳ ಈ ಹಗ್ಗಜಗ್ಗಾಟದಲ್ಲಿ ಸಂಬಳವಿಲ್ಲದೆ ಹಡಗಿನಲ್ಲೇ ಸಿಕ್ಕಿಬೀಳುವವರು ನಾವಿಕರು. ಕಾಯ್ದೆ ಅವರನ್ನು ಮರೆತಿಲ್ಲ. ಹಡಗು ಹರಾಜಾದರೆ ಮೊದಲ ಹಕ್ಕು ಅವರ ಸಂಬಳದ್ದು, ಆಮೇಲೆ ಅಡಮಾನದ ಸಾಲದ್ದು. ಬಾಡಿಗೆಯ ಬಾಕಿ ಅದರ ನಂತರ.