ಹೊಗೆಕೊಳವೆಯಲ್ಲಿ ಇಳಿಯುವ ನೀರು

ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲಮನೆಯ ತಾಮ್ರದ ಬಾಯ್ಲರಿಗೆ ಬೆಂಕಿ ಹಾಕಹೊರಟವರು, ಅದರ ಬೂದಿ ನೆನೆದು ಮುದ್ದೆಯಾಗಿರುವುದನ್ನು ಕಂಡು ಬೇಸರಪಡುವುದುಂಟು. ಹೊಗೆ ಮೇಲೇರಬೇಕಾದ ಕೊಳವೆಯಲ್ಲಿ ನೀರು ಕೆಳಗಿಳಿದುದು ಹೇಗೆ? ವಿಚಾರಿಸಿ ನೋಡೋಣ.

ಕೊಳವೆಯ ವ್ಯಾಸ 15 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಅದರ ಬಾಯಿಯ ಕ್ಷೇತ್ರಫಲ ಸುಮಾರು 177 ಚದರ ಸೆಂಟಿಮೀಟರು. ಒಂದು ದಿನದಲ್ಲಿ 10 ಸೆಂಟಿಮೀಟರು ಮಳೆ ನೆಟ್ಟಗೆ ಸುರಿದರೆ, ತೆರೆದ ಬಾಯಿಯೊಳಗೆ ಬೀಳುವ ನೀರು 1,770 ಘನ ಸೆಂಟಿಮೀಟರು. ಎಂದರೆ ಸುಮಾರು ಒಂದೂ ಮುಕ್ಕಾಲು ಲೀಟರು!

ಆದರೆ ಎಲ್ಲ ಹನಿಗಳಿಗೂ ಮಳೆಯೇ ಕಾರಣವಲ್ಲ. ಒಣಗಿದ ಕಟ್ಟಿಗೆಯ ತೂಕದಲ್ಲಿ ನೂರಕ್ಕೆ ಸುಮಾರು 6 ಪಾಲು ಜಲಜನಕವಿದೆ. ಉರಿಯುವಾಗ ಅದು ಆಮ್ಲಜನಕದೊಡನೆ ಕೂಡಿ ನೀರಾವಿಯಾಗುತ್ತದೆ. ಒಂದು ಕಿಲೋಗ್ರಾಂ ಕಟ್ಟಿಗೆಯಿಂದ ಹೀಗೆ ಅರ್ಧ ಕಿಲೋಗ್ರಾಮಿನಷ್ಟು ನೀರು ಹುಟ್ಟುತ್ತದೆ. ಹಸಿ ಕಟ್ಟಿಗೆಯಾದರೆ ಅದರಲ್ಲಿರುವ ತೇವವೂ ಸೇರುತ್ತದೆ. ಈ ಆವಿಯಲ್ಲಿ ಒಂದು ಪಾಲು ತಣ್ಣಗಿರುವ ಕೊಳವೆಗೆ ತಾಗಿ ಹನಿಗೂಡಿ, ಮಸಿಯೊಡನೆ ಬೆರೆತು ಕಂದುಬಣ್ಣದ ನೀರಾಗಿ ಇಳಿಯುತ್ತದೆ.

ಇವೆರಡನ್ನು ಗುರುತಿಸುವುದು ಸುಲಭ. ಬೆಂಕಿಯಿಲ್ಲದಿರುವಾಗಲೂ ಮಳೆ ಬಂದೊಡನೆ ಒಳಗೆ ನೀರು ಇಳಿದರೆ ಅದು ಮಳೆನೀರು. ಮಳೆಯಿಲ್ಲದ ದಿನ ಉರಿ ಹಾಕಿದಾಗ ತೊಟ್ಟಿಕ್ಕಿದರೆ ಅದು ಹನಿಗೂಡಿದ ಆವಿ. ಚೆನ್ನಾಗಿ ಒಣಗಿದ ಕಟ್ಟಿಗೆಯನ್ನು ಬಳಸಿದರೆ ಅದು ಕಡಮೆಯಾದೀತು. ಕೊಳವೆಯ ಹೊರಮೈಗುಂಟ ನೀರು ಇಳಿಯುತ್ತಿದ್ದರೆ ಮಾಡಿನ ಸಂದಿಯನ್ನು ಶಂಕಿಸಬೇಕು. ಅಲ್ಲಿ ಸುತ್ತಲೂ ತಗಡಿನ ಪಟ್ಟಿಯನ್ನು ಕೂರಿಸಿ, ಅದರ ಮೇಲಂಚು ಮೇಲಿನ ಹೆಂಚಿನ ಅಡಿಗೂ ಕೆಳಅಂಚು ಕೆಳಗಿನ ಹೆಂಚಿನ ಮೇಲಕ್ಕೂ ಬರುವಂತೆ ಮಾಡಬೇಕು.

ಬಾಯಿಯಿಂದ ಬೀಳುವ ಮಳೆಗೆ ತಗಡಿನ ಟೊಪ್ಪಿಯೇ ಮದ್ದು. ಟೊಪ್ಪಿಯ ಕೆಳಗಿನ ತೆರಪು ಕೊಳವೆಯ ಬಾಯಿಗಿಂತ ಕಿರಿದಾಗಬಾರದು. ನಮ್ಮ ಕೊಳವೆಯ ಪರಿಧಿ 47 ಸೆಂಟಿಮೀಟರು. 177ನ್ನು 47ರಿಂದ ಭಾಗಿಸಿದರೆ ಸುಮಾರು 4 ಬರುತ್ತದೆ. ಆದುದರಿಂದ ತೆರಪು 4 ಸೆಂಟಿಮೀಟರಿಗಿಂತ ಕಡಮೆ ಇರಕೂಡದು. ಅದರ ಇಮ್ಮಡಿ ಇದ್ದರೆ ಲೇಸು.

ಮಳೆಗೆ ಹೆದರಿ ಕೊಳವೆಯ ಬಾಯಿಗೆ ಗೋಣಿಯನ್ನು ತುರುಕುವುದು ಮಾತ್ರ ಪ್ರಾಣಾಂತಕವಾದ ಉಪಾಯ. ಹೊಗೆಗೆ ದಾರಿ ತಪ್ಪಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ಕೋಣೆಯಲ್ಲಿ ತುಂಬುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ; ಸ್ನಾನಕ್ಕಿಳಿದವರು ಅರಿಯದೆಯೇ ಎಚ್ಚರ ತಪ್ಪಬಹುದು. ಗ್ಯಾಸ್ ಗೀಸರಿನ ಕೊಳವೆಗೂ ಈ ಮಾತು ಸಲ್ಲುತ್ತದೆ. ಮಳೆಯನ್ನು ತಡೆಯೋಣ, ಹೊಗೆಯ ದಾರಿಯನ್ನು ಎಂದಿಗೂ ಮುಚ್ಚದಿರೋಣ.