ಒಂದೊಂದು ಟನ್ನಿಗೂ ಜಗಳ

ಕೊಪ್ಪಳದಿಂದ ಹೊಸಪೇಟೆ ಕಡೆಗೆ ಹೊರಟವರಿಗೆ ಗಿಣಿಗೇರಾ ಬಂತೆಂದು ಯಾರೂ ಹೇಳಬೇಕಿಲ್ಲ. ಚಿಮಣಿಗಳು, ಅದಿರು ಹೊತ್ತ ಲಾರಿಗಳು, ರಸ್ತೆಬದಿಯ ಜಾಲಿಗಿಡಗಳ ಮೇಲೆ ಕೂತ ಕರಿ ದೂಳೇ ಅದನ್ನು ಹೇಳುತ್ತವೆ. ಇಲ್ಲಿನ ಹೊಸಪೇಟೆ ಸ್ಟೀಲ್ಸ್ ಕಾರ್ಖಾನೆಯ ಮಿಶ್ರಲೋಹದ ಉಕ್ಕು ವಾಹನಗಳ ಬಿಡಿಭಾಗಗಳಿಗೆ ಹೋಗುತ್ತದೆ. ಅಂಥ ಉಕ್ಕಿನ ಗಿಯರ್ ಒಂದನ್ನು ಅಡ್ಡಡ್ಡ ಕತ್ತರಿಸಿ, ಉಜ್ಜಿ ನುಣುಪು ಮಾಡಿ, ಆಮ್ಲ ಸವರಿದರೆ ಅಂಚಿನುದ್ದಕ್ಕೂ ಒಂದು ಪದರ ಬೇರೆ ಬಣ್ಣದಲ್ಲಿ ಕಾಣುತ್ತದೆ. ಹಲ್ಲಿನ ಹೊರಮೈಗೆ ಇಂಗಾಲ ಉಣಿಸಿ ಗಡಸು ಮಾಡಿರುತ್ತಾರೆ. ಒಳಭಾಗವನ್ನು ಏಟು ತಾಳುವಂತೆ ಮೆತ್ತಗೇ ಬಿಟ್ಟಿರುತ್ತಾರೆ. ಪೂರ್ತಿ ಗಡಸಾದರೆ ಹಲ್ಲು ಮುರಿಯುತ್ತದೆ, ಪೂರ್ತಿ ಮೆತ್ತಗಾದರೆ ಸವೆಯುತ್ತದೆ.

ಇದೇ ವಿದ್ಯೆಯನ್ನು ಯುದ್ಧನೌಕೆಗೆ ಕವಚವಾಗಿ ಹೊದಿಸುವ, ಗೋಡೆಯಷ್ಟು ದಪ್ಪದ ಉಕ್ಕಿನ ಫಲಕಗಳ ಮೇಲೆ ಸಾಧಿಸಿದವರು ಜರ್ಮನಿಯ ಎಸ್ಸೆನ್ ನಗರದ ಕ್ರುಪ್ ಕಾರ್ಖಾನೆಯವರು. 1890ರ ದಶಕದಲ್ಲಿ ಅವರು ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ಉಕ್ಕಿನ ಫಲಕವನ್ನು ದಿನಗಟ್ಟಲೆ ಕುಲುಮೆಯಲ್ಲಿಟ್ಟು, ಒಂದು ಮುಖಕ್ಕೆ ಮಾತ್ರ ಇಂಗಾಲದ ಅನಿಲ ಹಾಯಿಸಿದರು. ಆಮೇಲೆ ಆ ಮುಖವನ್ನು ಹೆಚ್ಚು ಕಾಯಿಸಿ, ನೀರೆರಚಿ ಥಟ್ಟನೆ ತಣಿಸಿದರು. ಶತ್ರುವಿನ ಗುಂಡು ಮುಂಭಾಗಕ್ಕೆ ಬಡಿದು ಒಡೆಯಬೇಕು, ಹಿಂಭಾಗ ಸೀಳದೆ ಹಿಡಿದು ನಿಲ್ಲಬೇಕು ಎಂಬುದು ಲೆಕ್ಕ. ಬ್ರಿಟನ್ನೂ ಸೇರಿದಂತೆ ಜಗತ್ತಿನ ದೊಡ್ಡ ನೌಕಾಪಡೆಗಳೆಲ್ಲ ಈ ವಿಧಾನವನ್ನು ಒಪ್ಪಿಕೊಂಡವು. ಹಾಗಾಗಿ 1906ರ ಹೊತ್ತಿಗೆ ಒಳ್ಳೆಯ ಕವಚ ಯಾರ ಬಳಿ ಇದೆ ಎಂಬ ಪ್ರಶ್ನೆಯೇ ಉಳಿದಿರಲಿಲ್ಲ. ಹಡಗಿನಲ್ಲಿ ಎಷ್ಟು ಕವಚ ಹಾಕುತ್ತೀರಿ, ಅದಕ್ಕಾಗಿ ಏನನ್ನು ಬಿಡುತ್ತೀರಿ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ಆ ವರ್ಷ ಬರ್ಲಿನ್ನಿನ ನೌಕಾ ಕಚೇರಿಯ ಮೇಜಿನ ಮುಂದೆ ನಾವೇ ಕೂತಿದ್ದೇವೆಂದು ಊಹಿಸಿಕೊಳ್ಳೋಣ. ಬ್ರಿಟನ್ ಇನ್‌ವಿನ್ಸಿಬಲ್ ಎಂಬ ಹೊಸ ಬಗೆಯ ಹಡಗು ಕಟ್ಟುತ್ತಿದೆ: ಎಂಟು 12 ಇಂಚಿನ ತೋಪುಗಳು, 25 ನಾಟ್ ವೇಗ, ಬದಿಗೆ ಬರೀ 6 ಇಂಚು ಕವಚ. ಅದರ ತೋಪುಗಳು ಚಿಕ್ಕವಿರಬಹುದೆಂದು ನಂಬಿದ ಜರ್ಮನರು 21 ಸೆಂ.ಮೀ. ತೋಪಿನ ಬ್ಲ್ಯೂಖರ್ ಹಡಗಿಗೆ ಕೈಹಾಕಿಬಿಟ್ಟಿದ್ದಾರೆ. ಅದು ನೀರಿಗಿಳಿಯುವ ಮೊದಲೇ ಹಳೆಯದಾಯಿತು. ಈಗ ಹೊಸ ನಕ್ಷೆ ಬೇಕು. ಕೈಯಲ್ಲಿರುವುದು ಹತ್ತೊಂಬತ್ತು ಸಾವಿರ ಟನ್ನಿನ ಆಸುಪಾಸು. ತೋಪು ದೊಡ್ಡದಾದರೆ ಅದರ ಗೋಪುರ, ಮದ್ದಿನ ಕೋಣೆ, ಅವನ್ನು ಸುತ್ತುವ ಕವಚ ಎಲ್ಲವೂ ಭಾರವಾಗುತ್ತವೆ. ವೇಗ ಹೆಚ್ಚಬೇಕೆಂದರೆ ಬಾಯ್ಲರುಗಳು ಹೆಚ್ಚಬೇಕು, ಹಡಗು ಉದ್ದವಾಗಬೇಕು, ಉದ್ದವಾದಷ್ಟೂ ಮುಚ್ಚಬೇಕಾದ ಬದಿಯೂ ಉದ್ದ. ಒಂದು ಕಡೆ ಸಾವಿರ ಟನ್ ಸೇರಿಸಿದರೆ ಇನ್ನೊಂದು ಕಡೆ ಸಾವಿರ ಟನ್ ಕಿತ್ತುಕೊಳ್ಳಲೇಬೇಕು.

ನೌಕಾ ಸಚಿವ ಟಿರ್ಪಿಟ್ಜ್‌ಗೆ ಬೇಕಿದ್ದದ್ದು ಕ್ರೂಸರ್: ವೇಗವಾಗಿ ಹೋಗಿ ಶತ್ರುವನ್ನು ಪತ್ತೆ ಮಾಡುವ, ಹೊಡೆದು ಸರಿದುಹೋಗುವ ಹಡಗು. ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಮತ್ತು ಇಲಾಖೆಯ ಹೆಚ್ಚಿನವರು ಬೇರೆ ಮಾತಾಡಿದರು. ನಮ್ಮ ಹಡಗುಗಳ ಸಂಖ್ಯೆ ಕಡಿಮೆ, ಆದ್ದರಿಂದ ಪತ್ತೆ ಮಾಡಿದ ಹಡಗೇ ಆಮೇಲೆ ಯುದ್ಧದ ಸಾಲಿನಲ್ಲಿ ನಿಂತು ಹೊಡೆತ ತಿನ್ನಬೇಕಾಗುತ್ತದೆ ಎಂಬುದು ಅವರ ವಾದ. ಇಡೀ ಕಥೆಯ ತಿರುವು ಇದೇ ಎಂದು ನನಗೆ ಅನ್ನಿಸುತ್ತದೆ. ಹೊಡೆತ ತಿನ್ನಲೇಬೇಕು ಎಂದು ಒಪ್ಪಿಕೊಂಡ ಮೇಲೆ ಉಳಿದ ಅಂಕಿಗಳೆಲ್ಲ ತಾವಾಗಿ ಜಾಗಕ್ಕೆ ಬಂದು ಕೂತವು. ತೋಪು 28 ಸೆಂ.ಮೀ. ಸಾಕು, ಬ್ರಿಟಿಷರ ತೆಳು ಕವಚವನ್ನು ಅದೇ ಸೀಳುತ್ತದೆ. ಅಲ್ಲಿ ಉಳಿದ ಭಾರ ಬದಿಯ ಕವಚಕ್ಕೆ ಹೋಗಿ ಅದು 250 ಮಿ.ಮೀ. ಆಯಿತು. ಹಡಗಿನ ತೂಕದ ಸುಮಾರು ಮೂರನೇ ಒಂದು ಭಾಗ ಕವಚಕ್ಕೇ. ಇನ್‌ವಿನ್ಸಿಬಲ್‌ನಲ್ಲಿ ಅದು ಐದನೇ ಒಂದು ಭಾಗದಷ್ಟಿತ್ತು.

1907ರ ಜೂನ್‌ನಲ್ಲಿ ಚಕ್ರವರ್ತಿಯ ಒಪ್ಪಿಗೆ ಸಿಕ್ಕಿತು. ಹಾಂಬುರ್ಗ್‌ನ ಬ್ಲೋಮ್ ಉಂಡ್ ಫೋಸ್ ಕಟ್ಟಿದ ಆ ಹಡಗಿನ ಹೆಸರು ಫಾನ್ ಡೆರ್ ಟಾನ್. 1909ರ ಮಾರ್ಚ್‌ನಲ್ಲಿ ನೀರಿಗಿಳಿದು, 1910ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಸೇರಿತು. ಉಗಿ ಟರ್ಬೈನ್ ಹೊತ್ತ ಜರ್ಮನಿಯ ಮೊದಲ ದೊಡ್ಡ ಯುದ್ಧನೌಕೆ ಇದು. ಪರೀಕ್ಷೆಯಲ್ಲಿ 27 ನಾಟ್ ದಾಟಿತು. ಓಲಾಟ ತಗ್ಗಿಸಲೆಂದು ಫ್ರಾಮ್ ಎಂಬ ಎಂಜಿನಿಯರ್ ಕಂಡುಹಿಡಿದ ನೀರಿನ ತೊಟ್ಟಿಗಳನ್ನು ಅಳವಡಿಸಿದ್ದರು. ಆಮೇಲೆ ಅವನ್ನೂ ಇಂಧನ ತುಂಬಲು ಬಳಸಿಕೊಂಡರು. ಜಾಗ ಅಷ್ಟು ತುಟ್ಟಿ.

ಕಣ್ಣಿಗೆ ಕಾಣದ ಇನ್ನೊಂದು ಕೆಲಸ ಹೊಟ್ಟೆಯೊಳಗಿತ್ತು. ಹೊರಗಿನ ಬದಿಯಿಂದ ಒಂದಿಷ್ಟು ಒಳಗೆ, ಹಡಗಿನ ಉದ್ದಕ್ಕೆ ಒಂದು ಉಕ್ಕಿನ ಗೋಡೆ; ನಡುವಿನ ಜಾಗದಲ್ಲಿ ಕಲ್ಲಿದ್ದಲು. ಟಾರ್ಪಿಡೊ ಅಥವಾ ಮೈನ್ ಹೊರಬದಿಯನ್ನು ಹರಿದರೂ ಸ್ಫೋಟದ ರಭಸ ಕಲ್ಲಿದ್ದಲಿನಲ್ಲೇ ಅಡಗಬೇಕು. ನಾವಿಕರಿಗೆ ಓಡಾಡಲು ಇಕ್ಕಟ್ಟಾದರೂ ಸರಿ ಎಂದು ಒಳಭಾಗವನ್ನು ಸಣ್ಣ ಸಣ್ಣ ಕೋಣೆಗಳಾಗಿ ಸೀಳಿದರು.

ಮೊದಲ ಮಹಾಯುದ್ಧದ ನಡುವೆ, 1916ರ ಮೇ 31ರಂದು ಜಟ್ಲೆಂಡ್ ಕಾಳಗದಲ್ಲಿ ಬ್ರಿಟನ್ನಿನ ಮತ್ತು ಜರ್ಮನಿಯ ನಕ್ಷೆಗಳು ಎದುರುಬದುರಾದವು. ಫಾನ್ ಡೆರ್ ಟಾನ್ ಗುಂಡು ಹಾರಿಸತೊಡಗಿ ಕಾಲು ಗಂಟೆಯಲ್ಲಿ ಬ್ರಿಟನ್ನಿನ ಇನ್‌ಡಿಫ್ಯಾಟಿಗಬಲ್ ಸಿಡಿದು ಮುಳುಗಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಬದುಕಿದವರು ಬೆರಳೆಣಿಕೆ. ಕ್ವೀನ್ ಮೇರಿ, ಇನ್‌ವಿನ್ಸಿಬಲ್ ಕೂಡ ಹಾಗೇ ಹೋದವು. ಇದನ್ನು ತೆಳು ಕವಚದ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಬೇಗ ಬೇಗ ಗುಂಡು ಹಾರಿಸಲೆಂದು ಬ್ರಿಟಿಷರು ಮದ್ದಿನ ಚೀಲಗಳನ್ನು ಗೋಪುರದ ದಾರಿಯಲ್ಲೇ ರಾಶಿ ಹಾಕುತ್ತಿದ್ದರು, ಬೆಂಕಿ ತಡೆಯುವ ಬಾಗಿಲುಗಳನ್ನು ತೆರೆದಿಡುತ್ತಿದ್ದರು. ಜರ್ಮನರಿಗೆ ಆ ಪಾಠ 1915ರ ಜನವರಿಯಲ್ಲೇ ಆಗಿತ್ತು: ಡಾಗರ್ ಬ್ಯಾಂಕ್ ಕಾಳಗದಲ್ಲಿ ಸೈಡ್ಲಿಟ್ಜ್ ಹಡಗಿನ ಹಿಂದಿನ ಎರಡು ಗೋಪುರಗಳು ಒಟ್ಟಿಗೇ ಉರಿದು ನೂರೈವತ್ತಕ್ಕೂ ಹೆಚ್ಚು ಜನ ಸುಟ್ಟುಹೋಗಿದ್ದರು. ಅದೇ ಸೈಡ್ಲಿಟ್ಜ್ ಜಟ್ಲೆಂಡ್‌ನಿಂದ ಐದು ಸಾವಿರ ಟನ್ನಿಗೂ ಹೆಚ್ಚು ನೀರು ಹೊಕ್ಕಿಸಿಕೊಂಡು, ಮೂತಿ ಮುಳುಗಿಸಿಕೊಂಡೇ ಬಂದರು ಮುಟ್ಟಿತು. ಇಲ್ಲಿ ಗೆದ್ದದ್ದು ಆ ಸಣ್ಣ ಕೋಣೆಗಳು.

ಈ ನಕ್ಷೆಯ ಎಳೆ ನಮ್ಮ ನಾಡಿನವರೆಗೂ ಬಂದಿದೆ. ಜರ್ಮನ್ ಹಡಗೆಂದರೆ ನಮ್ಮಲ್ಲಿ ನೆನಪಾಗುವುದು 1914ರ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ತೈಲ ತೊಟ್ಟಿಗಳಿಗೆ ಬೆಂಕಿಯಿಟ್ಟ ಎಮ್ಡನ್. ಅದು ಚಿಕ್ಕ ಕ್ರೂಸರ್. ನಮ್ಮವರ ಬದುಕನ್ನು ಹೆಚ್ಚು ಅಲುಗಾಡಿಸಿದ್ದು ಗೋಬೆನ್. ಫಾನ್ ಡೆರ್ ಟಾನ್ ನಕ್ಷೆಯನ್ನೇ ಹಿಗ್ಗಿಸಿ ಹತ್ತು ತೋಪು ಕೂರಿಸಿದ, 1912ರಲ್ಲಿ ಸೇವೆಗೆ ಬಂದ ಹಡಗು. 1914ರ ಆಗಸ್ಟ್‌ನಲ್ಲಿ ಮೆಡಿಟರೇನಿಯನ್‌ನಲ್ಲಿ ಬ್ರಿಟಿಷರ ಕೈಗೆ ಸಿಗದೆ ಓಡಿ 10ರಂದು ಡಾರ್ಡನೆಲ್ಸ್ ಸೇರಿತು. ಯಾವುಜ್ ಎಂಬ ಹೆಸರು ಹೊತ್ತು, ತುರ್ಕಿಯ ಬಾವುಟ ಏರಿಸಿಕೊಂಡು, ಜರ್ಮನ್ ನಾವಿಕರನ್ನೇ ಒಳಗಿಟ್ಟುಕೊಂಡು ಅಕ್ಟೋಬರ್ 29ರಂದು ರಷ್ಯಾದ ಸೆವಾಸ್ತೊಪೋಲ್ ಮೇಲೆ ಗುಂಡು ಹಾರಿಸಿತು. ತುರ್ಕಿ ಯುದ್ಧಕ್ಕೆ ಬಿತ್ತು.

ತುರ್ಕಿ ಯುದ್ಧಕ್ಕಿಳಿದದ್ದರಿಂದ ಸೂಯೆಜ್ ಕಾಲುವೆಗೂ ಪ್ಯಾಲೆಸ್ತೀನಿಗೂ ಯುದ್ಧ ಬಂತು. ಅಲ್ಲಿಗೆ ಹೋದ ಕುದುರೆಪಡೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು, ಹೈದರಾಬಾದ್ ಲ್ಯಾನ್ಸರ್ಸ್ ಇದ್ದರು. ಕೊಪ್ಪಳ, ಯಲಬುರ್ಗಾ ಸೀಮೆ ಆಗ ನಿಜಾಮನ ಹೈದರಾಬಾದ್ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಾಗೀರು. ಹೀಗೆ ಕನ್ನಡ ನಾಡಿನ ಎರಡು ದೊರೆತನಗಳ ಸವಾರರೂ ಒಂದೇ ಬ್ರಿಗೇಡಿನಲ್ಲಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಜೋಧಪುರದವರು ಎದುರಿನಿಂದ ನುಗ್ಗಿ ಹಿಡಿದಾಗ, ಕಾರ್ಮೆಲ್ ಗುಡ್ಡದ ಮೇಲಿನ ತೋಪುಗಳತ್ತ ಏರಿಹೋದವರು ಮೈಸೂರಿನ ಸವಾರರು. ಬೆಂಗಳೂರಿನ ಮುನಿರೆಡ್ಡಿಪಾಳ್ಯದ ಹತ್ತಿರ ಅವರ ಸ್ಮಾರಕವಿದೆ.

ಅದೇ 1918ರ ಜನವರಿಯಲ್ಲಿ ಗೋಬೆನ್ ಮೂರು ಮೈನ್‌ಗಳನ್ನು ತುಳಿದಿತ್ತು. ಮುಳುಗಲಿಲ್ಲ, ಕಲ್ಲಿದ್ದಲಿನ ಹಿಂದಿನ ಗೋಡೆ ತನ್ನ ಕೆಲಸ ಮಾಡಿತು. ಗೋಬೆನ್ ಕಟ್ಟಿದ ಬಳಿಕ ಜರ್ಮನರು 35 ಸೆಂ.ಮೀ. ತೋಪಿನ ಮಾಕೆನ್ಸೆನ್, 38 ಸೆಂ.ಮೀ. ತೋಪಿನ ಎರ್ಸಾಟ್ಜ್ ಯಾರ್ಕ್ ನಕ್ಷೆಗಳನ್ನು ಬರೆದರು. ಒಂದೂ ಪೂರ್ತಿಯಾಗಲಿಲ್ಲ. ಗೋಬೆನ್ ಮಾತ್ರ ತುರ್ಕಿಯ ನೌಕಾಪಡೆಯಲ್ಲಿ ದಶಕಗಟ್ಟಲೆ ಉಳಿಯಿತು. 1963ರಲ್ಲಿ ತುರ್ಕಿ ಅದನ್ನು ಮಾರಲು ಮುಂದಾದಾಗ ಪಶ್ಚಿಮ ಜರ್ಮನಿ ಕೊಳ್ಳಲಿಲ್ಲ. 1973ರಲ್ಲಿ ಅದನ್ನು ಒಡೆಯಲು ಶುರುಮಾಡಿ, ಗುಜರಿ ಉಕ್ಕಾಗಿಸಿದರು.